ಮಣೆಯ ಮೇಲಿನ ನಾಲ್ಕು ಪಿನ್ನುಗಳು

ಮೂರನೆಯ ಪಿನ್ನಿನ ಮೇಲೆ ಹೊಡೆದ ಅಂಕೆಯ ಗೀರಿನೊಳಗೆ ಸೂಜಿಯ ತುದಿ ಆಡಿಸಿದಾಗ ಕೆಂಪಗಿನ ಒಂದು ಕಣ ಹೊರಬಂತು.

ನಾನು ಅದನ್ನು ಹೆಬ್ಬೆರಳ ಉಗುರಿನ ಮೇಲೆ ಇಟ್ಟುಕೊಂಡು ಬಿಸಿಲಿಗೆ ಹಿಡಿದೆ. ತುಕ್ಕು ಹೀಗಿರುವುದಿಲ್ಲ. ತುಕ್ಕನ್ನು ಉಜ್ಜಿದರೆ ಕಂದು ಪುಡಿಯಾಗಿ ಉದುರುತ್ತದೆ. ಇದು ಉಜ್ಜಿದಷ್ಟೂ ಕೆಂಪಾಗಿ ಹರಡಿತು.

"ಏನೋ ಚಕ್ರಿ, ಚಿನ್ನ ಒರೆಗೆ ಹಚ್ಚೋ ಹಾಗೆ ಕೂತ್ಬಿಟ್ಟಿದೀಯಲ್ಲ!" ಎಂದ ವಾದಿರಾಜ, ಮನೆಯ ಪಕ್ಕದ ಬಾಗಿಲಲ್ಲಿ ನಿಂತು. "ಕಾಫಿ ಆರಿಹೋಗ್ತಿದೆ, ಬಾ."

"ಬಂದೆ," ಎಂದೆ. ಏಳಲಿಲ್ಲ.

ಶಂಕರಪುರದ ಹಳೆಯ ಮನೆಗಳಲ್ಲಿ ಕಾಂಪೌಂಡಿಗೂ ಗೋಡೆಗೂ ನಡುವೆ ಒಂದು ಓಣಿ ಬಿಟ್ಟಿರುತ್ತಾರೆ. ಬೇರೆಯವರು ಅಲ್ಲಿ ಬಟ್ಟೆ ಒಣಹಾಕುತ್ತಾರೆ, ಮುರಿದ ಸೈಕಲ್ಲು ನಿಲ್ಲಿಸುತ್ತಾರೆ. ನನ್ನ ಸ್ನೇಹಿತ ವಾದಿರಾಜ ಅಲ್ಲಿ ಕಾರು ಎತ್ತುವ ಲಿಫ್ಟು ಕಟ್ಟಿದ್ದ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನಿಗೆ ತಂದೆಯ ಕಾಲದ ಕಾರನ್ನು ಮನೆಯಲ್ಲೇ ಬಿಚ್ಚಿ ಕಟ್ಟುವ ಹಂಬಲ. ಕಲಾಸಿಪಾಳ್ಯದ ಹಳೇ ಕಬ್ಬಿಣದಂಗಡಿಯಿಂದ ತಂದ ನಾಲ್ಕು ಕಂಬ, ಚಕ್ರಗಳು ಕೂರಲು ಎರಡು ಉದ್ದದ ಉಕ್ಕಿನ ಹಲಗೆ, ಅವನ್ನು ಎತ್ತಲು ಉಕ್ಕಿನ ಹಗ್ಗ, ಹಗ್ಗ ಸುತ್ತಲು ಕೈಯಿಂದ ತಿರುಗಿಸುವ ರಾಟೆ. ಲೆಕ್ಕ ವಾದಿರಾಜನದು, ಬೆಸುಗೆ ಅಮರನದು.

ಏಳು ದಿನದ ಹಿಂದೆ, ವಿಜಯದಶಮಿಯ ಬೆಳಿಗ್ಗೆ ಏಳೂವರೆಗೆ, ಆ ಕಾರು ಮೇಲಿನಿಂದ ಕುಸಿದು ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಅಮರ್ ಸತ್ತಿದ್ದ. ಅವನಿಗೆ ಇಪ್ಪತ್ತೊಂಬತ್ತು ವರ್ಷ.

ಕಾರು ಮೇಲೆ ಹೋದ ನಂತರ ಒಂದೊಂದು ಕಂಬದ ತೂತಿಗೂ ಒಂದೊಂದು ಪಿನ್ನು ತೂರಿಸಬೇಕು. ಗೇಣುದ್ದದ, ಹೆಬ್ಬೆರಳಿಗಿಂತ ದಪ್ಪನೆಯ ಉಕ್ಕಿನ ಸರಳು ಅದು. ಆಮೇಲೆ ಭಾರವೆಲ್ಲ ಪಿನ್ನುಗಳ ಮೇಲೆ. ಹಗ್ಗ ಕಡಿದರೂ, ರಾಟೆ ಹಿಂದಕ್ಕೆ ತಿರುಗದಂತೆ ತಡೆಯುವ ಕೊಕ್ಕೆ ಜಾರಿದರೂ ಕಾರು ಒಂದಂಗುಲ ಇಳಿಯದು. ಆ ಬೆಳಿಗ್ಗೆ ಕೊಕ್ಕೆ ಜಾರಿತ್ತು. ಪಿನ್ನುಗಳು ಕಂಬದಲ್ಲಿರಲಿಲ್ಲ. ಪೊಲೀಸರು ನೋಡಿದಾಗ ನಾಲ್ಕೂ ಅಮರನ ಬಕೆಟ್ಟಿನಲ್ಲಿ, ಸ್ಪ್ಯಾನರುಗಳ ಜೊತೆ ಬಿದ್ದಿದ್ದವು.

"ಪಿನ್ನು ಹಾಕೋದು ಮರೆತು ಕೆಳಗೆ ನುಗ್ಗಿದಾನೆ ಸರ್. ಅವನದೇ ಅಜಾಗರೂಕತೆ," ಎಂದಿದ್ದರು ಸಬ್ ಇನ್ಸ್‌ಪೆಕ್ಟರ್ ನಂದಿತಾ. "ಕಾರ್ಖಾನೆಗಳಲ್ಲಿ ಕ್ರೇನು, ಲಿಫ್ಟು ತಪಾಸಣೆ ಮಾಡಿದವರು ನೀವು. ನಿಮ್ಮ ಅಭಿಪ್ರಾಯ ಒಂದು ಕಾಗದದಲ್ಲಿ ಬರೆದುಕೊಟ್ಟುಬಿಡಿ. ಗುರುವಾರ ನಾಲ್ಕು ಗಂಟೆಗೆ ಫೈಲು ಮೇಲಕ್ಕೆ ಹೋಗಬೇಕು."

ಇವತ್ತೇ ಗುರುವಾರ. ಮೂರು ಗಂಟೆ ದಾಟಿತ್ತು. ಆ ಕಾಗದ ಸಹಿ ಸಮೇತ ನನ್ನ ಅಂಗಿಯ ಜೇಬಿನಲ್ಲಿತ್ತು. 'ಮೃತನು ಪಿನ್ನುಗಳನ್ನು ಹಾಕಲು ಮರೆತದ್ದೇ ಅಪಘಾತಕ್ಕೆ ಕಾರಣ' ಎಂದು ನನ್ನ ಕೈಯಾರೆ ಬರೆದಿದ್ದೆ. ಸೋಮವಾರ ಪಿನ್ನುಗಳನ್ನು ನೋಡಿದಾಗ ಅಂಕೆಗಳ ಸಂದಿಯಲ್ಲಿ ಕೆಂಪು ಕಂಡಿತ್ತು. ತುಕ್ಕು ಎಂದುಕೊಂಡು ಮುಂದೆ ಹೋಗಿದ್ದೆ. ಸ್ನೇಹಿತನ ಮನೆ, ಸ್ನೇಹಿತನ ಕಾಫಿ. ಕಣ್ಣು ಬೇಕಾದ್ದನ್ನು ಮಾತ್ರ ನೋಡಿತು.

ಈ ದಿನ ಬೆಳಿಗ್ಗೆ ದೇವರ ದೀಪ ತೊಳೆಯುತ್ತಿದ್ದಾಗ ಆ ಕೆಂಪು ಮತ್ತೆ ನೆನಪಾಯಿತು. ಶ್ರಾವಣದಲ್ಲಿ ನನ್ನ ಹೆಂಡತಿ ವಿಶಾಲಮ್ಮ ಹೋದಳು. ಈ ವರ್ಷ ನಮ್ಮ ಮನೆಯಲ್ಲಿ ಹಬ್ಬವಿಲ್ಲ, ಆದರೆ ದೀಪ ಹಚ್ಚಬೇಕಲ್ಲ. ನಲವತ್ತಮೂರು ವರ್ಷ ಅವಳು ತೊಳೆದ ದೀಪಗಳನ್ನು ಈಗ ನಾನು ತೊಳೆಯುತ್ತೇನೆ. ಹುಣಸೆಹಣ್ಣು ಹಾಕಿ ಎಷ್ಟು ಉಜ್ಜಿದರೂ ಕಂಬದ ಗೀರುಗಳಲ್ಲಿ ಕುಂಕುಮ ಉಳಿದೇ ಇರುತ್ತದೆ. ಅವಳು ಅದನ್ನು ಸೂಜಿಯಿಂದ ತೆಗೆಯುತ್ತಿದ್ದಳು. ಆ ಸೂಜಿಯನ್ನೇ ಜೇಬಿಗೆ ಸಿಕ್ಕಿಸಿಕೊಂಡು ಠಾಣೆಗೆ ಹೋದೆ. ರಸೀದಿ ಬರೆದು ಪಿನ್ನುಗಳನ್ನು ಕೇಳಿ ತಂದೆ.

ಒಂದು, ಎರಡು, ಮೂರು, ನಾಲ್ಕು. ನಾಲ್ಕು ಅಂಕೆಗಳಲ್ಲೂ ಕುಂಕುಮ.

ತಲೆ ಎತ್ತಿದೆ. ಕಂಬಗಳಿಗೆ ಆಯುಧಪೂಜೆಯ ದಿನ ಕಟ್ಟಿದ್ದ ಬಾಳೆಕಂದುಗಳು ಹಾಗೇ ಇದ್ದವು. ಬಾಡಿ, ಕಪ್ಪಾಗಿ, ಕಂಬಕ್ಕೆ ಅಂಟಿಕೊಂಡಿದ್ದವು. ಅವುಗಳ ಹಿಂದೆ ಪಿನ್ನಿನ ತೂತುಗಳು ಕಾಣುತ್ತಿರಲಿಲ್ಲ.

ಗೇಟಿನ ಹೊರಗೆ ಕೆಮ್ಮು ಕೇಳಿಸಿತು.

ಅಮರನ ತಂದೆ ನರಸಿಂಹಯ್ಯ ನಿಂತಿದ್ದರು. ಸರ್ಕಾರಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಚಾಮರಾಜಪೇಟೆಯಿಂದ ನಡೆದೇ ಬರುತ್ತಾರೆ. ಮೂರು ದಿನದಿಂದ ನಾನು ಬಂದಾಗಲೆಲ್ಲ ಅವರು ಅಲ್ಲಿರುತ್ತಾರೆ. ಒಳಗೆ ಬರುವುದಿಲ್ಲ.

"ಬಿಸಿಲಿದೆ. ಒಳಗೆ ಬಂದು ಕೂತ್ಕೊಳ್ಳಿ," ಎಂದೆ, ಗೇಟಿನ ಬಳಿ ಹೋಗಿ.

"ಬೇಡ ಸಾರ್. ನನ್ ಮಗ ತಪ್ಪು ಮಾಡಿದ್ರೆ ನಾನು ಈ ಮನೆಯೋರ ಹತ್ರ ಕ್ಷಮೆ ಕೇಳ್ಬೇಕು. ಮಾಡಿಲ್ದಿದ್ರೆ ಅವ್ರು ನನ್ನತ್ರ ಕೇಳ್ಬೇಕು. ಯಾವ್ದು ಅಂತ ಗೊತ್ತಾಗ್ದೆ ಹೆಂಗ್ ಒಳಗ್ ಕಾಲಿಡ್ಲಿ?"

ನಾನು ಪಿನ್ನನ್ನು ತೋರಿಸಿದೆ. "ಈ ನಂಬರು ಹೊಡೆದವರು ಯಾರು?"

"ನಾನೇ ಸಾರ್. ತೂತೆಲ್ಲ ಕೈಯಲ್ಲಿ ಕೊರ್ದಿದ್ದು, ಒಂದರ ಪಿನ್ನು ಇನ್ನೊಂದಕ್ಕೆ ಕೂರಲ್ಲ. ಅದಕ್ಕೇ ನಂಬರು." ಅವರು ಪಿನ್ನನ್ನು ಮುಟ್ಟಲಿಲ್ಲ. "ದಿನಾ ಸಾಯಂಕಾಲ ಊಟಕ್ಕೆ ಕೂರೋಕ್ ಮುಂಚೆ ಕೇಳ್ತಿದ್ದೆ, ಪಿನ್ನು ಹಾಕಿ ಬಂದ್ಯೇನೋ ಅಂತ. ಅಷ್ಟಮಿ ದಿನಾನೂ ಕೇಳ್ದೆ. 'ನಾಲ್ಕೂ ಹಾಕಿದೀನಿ, ಸಾಕ್ ನಿಲ್ಸಪ್ಪ ನಿನ್ ಪಿನ್ ಪುರಾಣ' ಅಂತ ರೇಗ್ದ. ಅವ್ರಮ್ಮ ಅಂಜಿನಮ್ಮ ಈಗ ಊಟಕ್ಕೆ ಬಡಿಸೋವಾಗ ನನ್ ಮುಖಾನೇ ನೋಡಲ್ಲ. ನಾನು ಸರಿಯಾಗ್ ಕಲಿಸ್ಲಿಲ್ಲ ಅನ್ಕೊಂಡವ್ಳೆ." ಗೇಟಿನ ಸರಳು ಹಿಡಿದುಕೊಂಡರು. "ನಂಗೆ ಇನ್ನೇನೂ ಬೇಡ ಸಾರ್. ಮರ್ತಿದ್ನಾ, ಇಲ್ವಾ? ಅಷ್ಟ್ ಹೇಳಿ ಸಾಕು."

ಜೇಬಿನಲ್ಲಿದ್ದ ಕಾಗದ ಎದೆಗೆ ಚುಚ್ಚಿದಂತಾಯಿತು. ಕಾಗದ ಚುಚ್ಚುವುದಿಲ್ಲ ಎಂದು ನನಗೆ ಗೊತ್ತು.

"ಇನ್ನೊಂದು ಗಳಿಗೆ ಇರಿ," ಎಂದು ಹೇಳಿ ಒಳಗೆ ಹೋದೆ.

ಪಕ್ಕದ ಬಾಗಿಲು ನೇರ ನಡುಮನೆಗೆ ತೆರೆಯುತ್ತದೆ. ಎದುರು ಗೋಡೆಗೆ ತಾಗಿಸಿ ದೊಡ್ಡ ಮಣೆ. ಅದರ ಮೇಲೆ ಈಗ ಏನೂ ಇರಲಿಲ್ಲ. ವಾದಿರಾಜ ಕಾಫಿಯ ಲೋಟವನ್ನು ನನ್ನ ಕಡೆ ಸರಿಸಿದ.

"ಆಯುಧಪೂಜೆ ಇಲ್ಲೇ ಮಾಡಿದ್ದು, ಅಲ್ವೇನೋ?" ಎಂದೆ.

"ಹೌದು. ಪ್ರತಿ ವರ್ಷ ಇಲ್ಲೇ."

"ಮಣೆ ಮೇಲೆ ಏನೇನು ಇಟ್ಟಿದ್ದೆ?"

"ಎಲ್ಲ ಸಾಮಾನು. ಸ್ಪ್ಯಾನರು, ಸುತ್ತಿಗೆ, ಜ್ಯಾಕು, ಅಮ್ಮನ ಈಳಿಗೆಮಣೆ." ನಕ್ಕ. "ಯಾಕೋ, ಪ್ರಸಾದ ಬರಲಿಲ್ಲ ಅಂತಾನಾ?"

"ಪಿನ್ನುಗಳು?"

ನಗು ಅಲ್ಲಿಗೇ ನಿಂತಿತು. ಆದರೆ ಉತ್ತರ ತಡವಾಗಲಿಲ್ಲ. "ಇಲ್ಲ. ಅವು ಅಮರನ ಬಕೆಟ್ಟಿನಲ್ಲೇ ಇದ್ದವಲ್ಲ. ಅಷ್ಟಮಿ ಸಂಜೆ ಕಾರು ಎತ್ತಿದ, ಪಿನ್ನು ಹಾಕದೆ ಹೊರಟುಹೋದ. ನೋಡು, ಫೋಟೋನೇ ಇದೆ. ನವಮಿ ದಿನ ಧೃತಿ ತೆಗೆದದ್ದು. ನಂದಿತಾ ಮೇಡಂಗೂ ಕಳಿಸಿದೀನಿ." ಫೋನನ್ನು ನನ್ನ ಕೈಗೆ ಕೊಟ್ಟ.

ಧೃತಿ ಅವನ ಒಬ್ಬಳೇ ಮಗಳು. ಫೋಟೋದಲ್ಲಿ ಇದೇ ಮಣೆ. ಸುತ್ತಿಗೆಗೆ, ಜ್ಯಾಕಿಗೆ, ಸ್ಪ್ಯಾನರುಗಳಿಗೆ ಗಂಧ ಕುಂಕುಮ. ಸುತ್ತ ಮಲ್ಲಿಗೆ ಮಾಲೆ. ನಡುವೆ ಒಂದಿಷ್ಟು ಜಾಗ ಖಾಲಿ. ಪಿನ್ನುಗಳಿರಲಿಲ್ಲ.

ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ.

"ವಾದಿ, ಮಲ್ಲಿಗೆ ಕಂದಿಹೋಗಿದೆ."

"ಏನು?"

"ನವಮಿ ದಿನ ಪೂಜೆಯಾದಾಗ ತೆಗೆದ ಫೋಟೋದಲ್ಲಿ ಮಲ್ಲಿಗೆ ಬೆಳ್ಳಗಿರಬೇಕು. ಇದು ಒಂದು ರಾತ್ರಿ ಕಳೆದ ಹೂವು. ದೀಪದಲ್ಲಿ ಎಣ್ಣೆ ಇಲ್ಲ, ಬತ್ತಿ ಕರಿಯಾಗಿದೆ. ಇದು ದಶಮಿ ಬೆಳಿಗ್ಗೆ ತೆಗೆದದ್ದು."

"ಇರಬಹುದಪ್ಪ. ಮಗು ಯಾವಾಗ ತೆಗೆದಳೋ! ಅದರಿಂದೇನಾಯ್ತು?"

ನಾನು ನಾಲ್ಕು ಪಿನ್ನುಗಳನ್ನೂ ಒಂದೊಂದಾಗಿ ಅವನ ಮುಂದೆ ಇಟ್ಟೆ. ನಂತರ ನನ್ನ ಉಗುರನ್ನು ತೋರಿಸಿದೆ.

"ಕುಂಕುಮ. ನಾಲ್ಕರಲ್ಲೂ ಇದೆ. ಮೇಲೆಲ್ಲ ತೊಳೆದಿದೀಯ. ಅಂಕೆಯ ಸಂದಿ ತೊಳೆಯೋಕಾಗಿಲ್ಲ. ಬಕೆಟ್ಟಿನಲ್ಲಿದ್ದ ಪಿನ್ನಿಗೆ ಕುಂಕುಮ ಇಟ್ಟವರು ಯಾರೋ?"

ವಾದಿರಾಜ ಪಿನ್ನುಗಳನ್ನು ನೋಡಿದ. ಗೋಡೆಯ ಮೇಲಿನ ರಾಯರ ಪಟವನ್ನು ನೋಡಿದ. ಕೊನೆಗೆ ತನ್ನ ಕೈಗಳನ್ನು ನೋಡಿಕೊಂಡ.

"ಮೆಲ್ಲಗೆ ಮಾತಾಡು," ಎಂದ. "ಅಮ್ಮ ಒಳಗಿದಾಳೆ."

"ಹೇಳು."

"ನಾನೇ ತೆಗೆದೆ ಕಣೋ. ನವಮಿ ದಿನ ಪೂಜೆಗೆ ಮುಂಚೆ. ಅಮರ್ ಅಷ್ಟಮಿ ದಿನ ನಾಲ್ಕೂ ಹಾಕಿದ್ದ. ರಾಟೆ ಅರ್ಧ ಸುತ್ತು ಎತ್ತಿದರೆ ಪಿನ್ನು ಸಡಿಲ ಆಗತ್ತೆ. ತೆಗೆದು ತೊಳೆದು ಮಣೆ ಮೇಲಿಟ್ಟೆ. ಹಗ್ಗ ಎಷ್ಟು ಭಾರ ತಡೆಯತ್ತೆ ಅಂತ ಲೆಕ್ಕ ಹಾಕಿದ್ದೆ. ಹತ್ತು ಪಟ್ಟು ತಡೆಯತ್ತೆ. ಒಂದು ದಿನ, ಒಂದು ರಾತ್ರಿ ತಾನೆ ಅಂದ್ಕೊಂಡೆ." ಮುಂದಿದ್ದ ಪಿನ್ನನ್ನು ಸ್ವಲ್ಪ ದೂರ ತಳ್ಳಿದ. "ಮಕ್ಕಳಿಗೆ ಇದನ್ನೇ ಪಾಠ ಹೇಳಿದೋನು ನಾನು. ಕೊಕ್ಕೆ ಜಾರಿದರೆ ಹಗ್ಗದ ಲೆಕ್ಕ ಏನಕ್ಕೂ ಬರಲ್ಲ. ಗೊತ್ತಿತ್ತು."

"ಪಿನ್ನನ್ನು ಪೂಜೆಗೆ ಇಡು ಅಂತ ಯಾರು ಹೇಳಿದರೋ ನಿನಗೆ? ಭಾರ ಹೊತ್ತ ಪಿನ್ನನ್ನು ಕಿತ್ತು ಪೂಜೆ ಮಾಡ್ತಾರೇನೋ?"

ಅವನು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ.

"ನೀನು."

ನಾನು ಅವನ ಫೋನನ್ನು ಮೇಜಿನ ಮೇಲೆ ಇಟ್ಟೆ.

"ಭಾದ್ರಪದದಲ್ಲಿ ಲಿಫ್ಟು ನೋಡೋಕೆ ಕರೆದಿದ್ದೆನಲ್ಲ. ಅಮ್ಮ ಇಲ್ಲೇ ಕೂತಿದ್ದಳು. ಇಷ್ಟೆಲ್ಲದರಲ್ಲಿ ಮುಖ್ಯ ಯಾವುದಪ್ಪ ಅಂತ ಅವಳು ಕೇಳಿದಳು. ನೀನು ಪಿನ್ನು ಕೈಯಲ್ಲಿ ಹಿಡಿದು, 'ಕಾವೇರಮ್ಮನೋರೇ, ಆಯುಧಪೂಜೆಗೆ ಬೇರೇನು ಬಿಟ್ಟರೂ ಇದನ್ನ ಬಿಡಬೇಡಿ. ಮೊದಲ ಕುಂಕುಮ ಇದಕ್ಕೇ' ಅಂದೆ. ಎಲ್ಲರೂ ನಕ್ಕೆವು. ಅಮ್ಮ ನಗಲಿಲ್ಲ. ಮನಸ್ಸಿಗೆ ತಗೊಂಡಳು. ನವಮಿ ಬೆಳಿಗ್ಗೆ ಎದ್ದ ಕೂಡಲೇ, ಚಕ್ರಪಾಣಿ ಹೇಳಿದ್ದು ತಂದಿಡು ಅಂದಳು."

ನೆನಪಾಯಿತು. ಆ ದಿನ ಅಮರ್ ಬಾಗಿಲ ಹೊರಗೆ ನಿಂತಿದ್ದ. ಅವನೂ ನಕ್ಕಿದ್ದ. ವಿಶಾಲು ಹೋಗಿ ತಿಂಗಳಾಗಿತ್ತಷ್ಟೆ. ಬಹಳ ದಿನದ ಮೇಲೆ ನಾಲ್ಕು ಜನರನ್ನು ನಗಿಸಿದೆ ಎಂದು ಮನೆಗೆ ಹೋಗುವಾಗ ನನಗೆ ಸಮಾಧಾನವಾಗಿತ್ತು. ಲಿಫ್ಟು ಚೆನ್ನಾಗಿದೆ ಎಂದು ಹೇಳಿ ಎರಡನೇ ಲೋಟ ಕಾಫಿ ಕುಡಿದು ಬಂದಿದ್ದೆ. ಮೂವತ್ತನಾಲ್ಕು ವರ್ಷದ ಕೆಲಸದಲ್ಲಿ ಒಂದು ಕ್ರೇನಿನ ಬಗ್ಗೆ ಕೂಡ ಹಾಗೆ ತಮಾಷೆಗೆ ಮಾತಾಡಿದವನಲ್ಲ.

ಕಾಫಿಯ ಲೋಟವನ್ನು ದೂರ ಸರಿಸಿದೆ. ಅದನ್ನು ಮುಟ್ಟಲು ನಾಚಿಕೆಯಾಯಿತು.

"ದಶಮಿ ಬೆಳಿಗ್ಗೆ ಏನಾಯಿತು?"

"ನಾನು ಬ್ಯೂಗಲ್ ರಾಕ್ ಕಡೆ ವಾಕಿಂಗ್ ಹೋಗಿದ್ದೆ. ಬಂದ ಮೇಲೆ ಪೂಜೆ ಕದಲಿಸಿ ಪಿನ್ನು ವಾಪಸ್ ಹಾಕೋಣ ಅಂತಿದ್ದೆ. ಎಂಟು ಗಂಟೆಗೆ ಬರೋ ಹೊತ್ತಿಗೆ ಓಣಿಯಲ್ಲಿ ಜನ ಸೇರಿದ್ದರು. ಒಳಗೆ ಬಂದು ನೋಡಿದರೆ ನಾಲ್ಕೂ ಮಣೆ ಮೇಲಿದ್ದವು. ತೊಳೆದೆ. ಬಕೆಟ್ಟಿಗೆ ಹಾಕಿದೆ." ಮುಖವನ್ನು ಎರಡೂ ಕೈಗಳಲ್ಲಿ ಮುಚ್ಚಿಕೊಂಡ. "ಅವನ ಕಾಲು ಇನ್ನೂ ಹೊರಗೆ ಕಾಣ್ತಿತ್ತು ಚಕ್ರಿ. ನಾನು ಅವನ ಬಕೆಟ್ಟಿಗೆ ಪಿನ್ನು ಹಾಕ್ತಿದ್ದೆ. ಅಮ್ಮನಿಗೆ ಎಂಬತ್ತನಾಲ್ಕು. ಅವಳ ಪೂಜೆಯಿಂದ ಒಬ್ಬ ಹುಡುಗ ಸತ್ತ ಅಂತ ಅವಳಿಗೆ ಗೊತ್ತಾಗಬಾರದು. ಅಷ್ಟೇ ನನ್ನ ತಲೆಯಲ್ಲಿದ್ದದ್ದು."

"ಗೊತ್ತಿದೆ ಕಣೋ," ಎಂಬ ದನಿ ಕೇಳಿಸಿತು.

ಕಾವೇರಮ್ಮ ದೇವರ ಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕೈಯಲ್ಲಿ ತುಳಸಿಮಣಿಯ ಜಪಮಾಲೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ!

"ಏಳು ದಿನದಿಂದ ಗೊತ್ತಿದೆ," ಎಂದರು. "ನಿನ್ನನ್ನ ನೋಡಿದ್ರೆ ಗೊತ್ತಾಗಲ್ವೇನೋ ನನಗೆ? ನನ್ನದೂ ಒಂದು ತಪ್ಪಿದೆ. ಚಕ್ರಪಾಣಿ, ನೀನೂ ಕೇಳು."

ನಾನು ಎದ್ದು ನಿಂತೆ.

"ಅವತ್ತು ಏಳು ಗಂಟೆಗೆ ನಾನು ಇಲ್ಲೇ ಜಪಕ್ಕೆ ಕೂತಿದ್ದೆ. ಆ ಹುಡುಗ ಬಂದು ಹೊಸ್ತಿಲಾಚೆ ನಿಂತ. 'ಅಮ್ಮಾ, ಪಿನ್ನು ಹಾಕಿದಾರಾ?' ಅಂತ ಕೇಳಿದ. ನನ್ನದು ಜಪದಲ್ಲಿ ಮೌನ. ಬಾಯಿ ಬಿಡಲಿಲ್ಲ. ಅವನು ಇನ್ನೊಂದು ಸಲ ಕೇಳಿದ. ಮಡಿಯಲ್ಲಿದ್ದೆ, ಅವನ ಕಡೆ ತಿರುಗಲೂ ಇಲ್ಲ." ಜಪಮಾಲೆಯನ್ನು ಮುಷ್ಟಿಯಲ್ಲಿ ಬಿಗಿದುಕೊಂಡರು. "ಒಂದು ಮಾತು. ಒಂದೇ ಒಂದು ಮಾತು ಆಡಿದ್ದರೆ ನನ್ನ ಯಾವ ಪುಣ್ಯ ಕರಗಿಹೋಗ್ತಿತ್ತು? ಆಮೇಲೆ ಅವನು ಅಲ್ಲೇ ನಿಂತು ಏನೋ ಮಾಡಿದ. ಟಿಕ್ ಅಂತ ಸದ್ದಾಯ್ತು. ಹೊರಟುಹೋದ."

ಟಿಕ್ ಎಂಬ ಸದ್ದು.

ನಾನು ವಾದಿರಾಜನ ಫೋನನ್ನು ಮತ್ತೆ ಕೈಗೆ ತೆಗೆದುಕೊಂಡೆ. ಫೋಟೋದ ಕೆಳಗಡೆಯ ಅಂಚನ್ನು ದೊಡ್ಡದು ಮಾಡಿ ನೋಡಿದೆ. ಅರಿಶಿನ ಬಳಿದ ಮರ, ಅದರ ಮೇಲೆ ರಂಗೋಲಿಯ ಎಳೆ. ಹೊಸ್ತಿಲು. ಮಣೆಯ ಫೋಟೋ ಬೇಕಾದ ಮನೆಯ ಮಗಳು ನಡುಮನೆಗೆ ಬಂದು, ಮಣೆಯ ಮುಂದೆ ನಿಂತು ತೆಗೆಯುತ್ತಾಳೆ. ಇದನ್ನು ತೆಗೆದವನು ಹೊಸ್ತಿಲ ಆಚೆಯೇ ನಿಂತಿದ್ದ. ಒಳಗೆ ಬರುವ ಅಭ್ಯಾಸ ಅವನಿಗಿರಲಿಲ್ಲ. ಬಾ ಎಂದು ಯಾರೂ ಕರೆದಿರಲೂ ಇಲ್ಲ. ಭಾದ್ರಪದದಲ್ಲಿ ನಾನು ಕಾಫಿ ಕುಡಿಯುವಾಗ ಅವನು ನಿಂತಿದ್ದ ಜಾಗವೂ ಅದೇ.

"ಧೃತಿ!" ಎಂದು ಕರೆದೆ.

ಅವಳು ಮಹಡಿಯ ಮೆಟ್ಟಿಲಿನ ಮೇಲೆ ಕೂತಿದ್ದಳು. ಎದ್ದು ಬಂದಳು. ಕಣ್ಣು ಕೆಂಪಗಿತ್ತು.

"ಈ ಫೋಟೋ ನೀನು ತೆಗೆದದ್ದಲ್ಲ ಅಲ್ವೇನಮ್ಮ?"

"ಅಲ್ಲ ಅಂಕಲ್. ಅಮರ್ ತೆಗೆದದ್ದು. ನನ್ನ ಫೋನಿಗೆ ಕಳಿಸಿದಾನೆ."

ವಾದಿರಾಜ ಕುರ್ಚಿಯಿಂದ ಅರ್ಧ ಎದ್ದ. "ಧೃತಿ, ಸುಮ್ಮನಿರು."

"ಎಷ್ಟು ದಿನ ಅಪ್ಪ?" ಎಂದಳು ಅವಳು. "ನಾನು ತೆಗೆದೆ ಅಂತ ಪೊಲೀಸಿಗೆ ಕಳಿಸಿದೆಯಲ್ಲ, ಆ ಫೋಟೋ ನಿನಗೆ ಹೇಗೆ ಬಂತು? ನಾನು ನಿನಗೆ ಕಳಿಸೇ ಇಲ್ಲ." ನನ್ನ ಕಡೆ ತಿರುಗಿದಳು. "ಅವತ್ತು ಏಳು ಗಂಟೆಗೆ ನಾನು ಸ್ನಾನಕ್ಕೆ ಹೋಗಿದ್ದೆ. ಫೋನು ಇಲ್ಲೇ, ಈ ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದೆ. ಅಮರನನ್ನ ಒಯ್ದ ಆಸ್ಪತ್ರೆಯಿಂದ ಸಾಯಂಕಾಲ ಬಂದು ನೋಡಿದೆ. ಆಗಲೇ ಹೇಳಬೇಕಾಗಿತ್ತು. ಮನೆಯ ಮರ್ಯಾದೆ ಅಂತ ಸುಮ್ಮನಿದ್ದೆ. ಬೇರೆ ಯಾರ ಮರ್ಯಾದೆ ಹೋಗ್ತಿದೆ ಅಂತ ಯೋಚನೆ ಮಾಡಲಿಲ್ಲ."

ತನ್ನ ಫೋನನ್ನು ನನಗೆ ಕೊಟ್ಟಳು.

ಮೇಲೆ ಆ ಫೋಟೋ. ಅದರ ಕೆಳಗೆ ಅಮರನ ಮಾತು, ಏಳು ಗಂಟೆ ನಾಲ್ಕು ನಿಮಿಷಕ್ಕೆ.

'ಅಕ್ಕಾ, ಪಿನ್ನು ಮಣೆ ಮೇಲಿಲ್ಲ. ಕಂಬಕ್ಕೆ ಹಾಕಿದೀರಾ? ಬಾಳೆಕಂದು ಅಡ್ಡ ಇದೆ, ಕಾಣ್ತಿಲ್ಲ. ಬಿಚ್ಚಿ ನೋಡಲಾ?'

ಅದರ ಕೆಳಗೆ, ಏಳು ಗಂಟೆ ಐದು ನಿಮಿಷಕ್ಕೆ, ಈ ಮನೆಯಿಂದ ಹೋದ ಉತ್ತರ.

'ಬಿಚ್ಚಬೇಡ. ಹಾಕಿದೆ.'

ಅಮರನ ಫೋನು ಕಾರಿನ ಕೆಳಗೆ ಅವನ ಜೊತೆಯೇ ನುಚ್ಚುನೂರಾಗಿತ್ತು. ಈ ಎರಡು ಸಾಲು ಇಲ್ಲಿ ಮಾತ್ರ ಉಳಿದಿದ್ದವು.

ಆಗಲೇ ನನ್ನ ಫೋನು ಬಡಿದುಕೊಂಡಿತು. ನಂದಿತಾ.

"ಸರ್, ಮೂರೂ ಮುಕ್ಕಾಲು. ಕಾಗದ ರೆಡಿ ಇದೆಯಲ್ಲ? ಹುಡುಗರನ್ನ ಕಳಿಸಲಾ?"

"ಕಾಗದ ಕೊಡೋದಿಲ್ಲಮ್ಮ," ಎಂದೆ. "ಅದರಲ್ಲಿ ನಾನು ಬರೆದದ್ದು ಸುಳ್ಳು. ನೀವೇ ಬನ್ನಿ. ಬಂದ ಮೇಲೆ ನನ್ನ ಹೇಳಿಕೆಯನ್ನೂ ಬರೆದುಕೊಳ್ಳಬೇಕು. ಅದರಲ್ಲಿ ನನ್ನ ಹೆಸರೂ ಬರುತ್ತೆ."

ಜೇಬಿನಿಂದ ಕಾಗದ ತೆಗೆದು ಎರಡಾಗಿ ಹರಿದು ಖಾಲಿ ಮಣೆಯ ಮೇಲೆ ಇಟ್ಟೆ. ಧೃತಿಯ ಫೋನನ್ನು ಹಿಡಿದು ಗೇಟಿನ ಬಳಿ ಹೋದೆ.

ನರಸಿಂಹಯ್ಯ ಕನ್ನಡಕ ತಂದಿರಲಿಲ್ಲ. ನಾನೇ ಓದಿದೆ. ಇನ್ನೊಂದು ಸಲ ಓದಿ ಎಂದು ಕೈಯಲ್ಲೇ ಸನ್ನೆ ಮಾಡಿದರು. ಓದಿದೆ.

"ಕೇಳಿದ್ದ," ಎಂದರು.

"ಮೂರು ಸಲ ಕೇಳಿದ್ದ ನರಸಿಂಹಯ್ಯನೋರೇ. ಬಾಯಲ್ಲಿ ಎರಡು ಸಲ, ಬರೆದು ಒಂದು ಸಲ. ನಿಮ್ಮ ಮಗ ಮರೆತಿರಲಿಲ್ಲ. ಮರೆತ ಅಂತ ಬರೆದವನು ನಾನು. ನನ್ನನ್ನು..."

ಆ ಮಾತು ಮುಗಿಸಲು ನನ್ನಿಂದಾಗಲಿಲ್ಲ. ಅವರು ಅದಕ್ಕಾಗಿ ಕಾಯಲೂ ಇಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಗೇಟಿನ ಚಿಲಕ ತೆಗೆದರು. ಒಳಗೆ ಬಂದರು.

ಓಣಿಯಲ್ಲಿ ಲಿಫ್ಟಿನ ಪಕ್ಕ ಒಂದು ಕ್ಷಣ ನಿಂತರು. ಕಂಬಕ್ಕೆ ಅಂಟಿಕೊಂಡಿದ್ದ ಬಾಳೆಕಂದನ್ನು ಒಂದು ಕೈಯಿಂದ ಕಿತ್ತು ಎಸೆದರು. ಅದರ ಹಿಂದೆ ಖಾಲಿ ತೂತು. ಅದರೊಳಗೆ ಬೆರಳು ಹಾಕಿ ನೋಡಿದರು. ಚಪ್ಪಲಿ ಬಿಟ್ಟು ಪಕ್ಕದ ಬಾಗಿಲ ಹೊಸ್ತಿಲು ದಾಟಿ ನಡುಮನೆಯ ಮಧ್ಯದಲ್ಲಿ ನಿಂತರು. ಆ ಮನೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಕಾವೇರಮ್ಮ ಹಿಂದೆ ಸರಿಯಲಿಲ್ಲ.

"ಮೇಷ್ಟ್ರೇ," ಎಂದರು ವಾದಿರಾಜನಿಗೆ, ದನಿ ಏರಿಸದೆ. "ಹಾಕಿದೆ ಅಂತ ಬರ್ದೋರು ಯಾರು?"

"ನನಗೆ ಗೊತ್ತಿಲ್ಲ. ನಾನು ವಾಕಿಂಗ್..."

"ವಾದಿ," ಎಂದರು ಕಾವೇರಮ್ಮ. "ಅವತ್ತು ಮೊಣಕಾಲು ನೋವು ಅಂತ ನೀನು ವಾಕಿಂಗಿಗೆ ಹೋಗಲೇ ಇಲ್ಲವಲ್ಲೋ. ಸಾಕು. ಇನ್ನು ನನಗೋಸ್ಕರ ಸುಳ್ಳು ಹೇಳಬೇಡ."

ನಲವತ್ತು ವರ್ಷದ ಸ್ನೇಹಿತನ ಮುಖವನ್ನು ನೋಡಲು ನನಗೆ ಧೈರ್ಯ ಬರಲಿಲ್ಲ. ಅವನ ಪಾದಗಳನ್ನು ನೋಡುತ್ತಿದ್ದೆ.

"ನಾನೇ ಬರೆದೆ," ಎಂದ ವಾದಿರಾಜ. "ಆದರೆ ನಾನು ಬರೆದದ್ದು ಸುಳ್ಳಲ್ಲ. ರಾಯರಾಣೆಗೂ ಸುಳ್ಳಲ್ಲ. ಅವತ್ತು ಬೆಳಿಗ್ಗೆ ಆರೂವರೆಗೇ ಪೂಜೆ ಕದಲಿಸಿ, ಬಾಳೆಕಂದಿನ ಹಿಂದೆ ಕೈ ತೂರಿಸಿ, ನಾಲ್ಕೂ ಪಿನ್ನು ನಾನೇ ಕಂಬಕ್ಕೆ ಹಾಕಿದ್ದೆ. ಅದಕ್ಕೇ ಏಳು ಗಂಟೆಗೆ ಮಣೆ ಮೇಲೆ ಪಿನ್ನು ಇರಲಿಲ್ಲ. ಅವನು ಕೆಳಗೆ ಹೋದಾಗ ಪಿನ್ನು ಕಂಬದಲ್ಲೇ ಇದ್ದವು."

"ಎಂಟು ಗಂಟೆಗೆ?" ಎಂದೆ.

"ಮತ್ತೆ ಮಣೆ ಮೇಲಿದ್ದವು. ಅದೊಂದು ನಿಜವನ್ನೇ ಹೇಳಿದ್ದೆ ನಿನಗೆ."

ನರಸಿಂಹಯ್ಯ ನಿಧಾನವಾಗಿ ಬಗ್ಗಿ ಮೇಜಿನ ಮೇಲಿದ್ದ ಮೂರನೆಯ ಪಿನ್ನನ್ನು ಎತ್ತಿಕೊಂಡರು. ತಾವು ಹೊಡೆದ ಅಂಕೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಭಾರ ಕೂತ್ಮೇಲೆ ಈ ಪಿನ್ನು ತಾನಾಗ್ ಬರಲ್ಲ ಮೇಷ್ಟ್ರೇ," ಎಂದರು. "ರಾಟೆ ಅರ್ಧ ಸುತ್ತು ಎತ್ಬೇಕು. ನನ್ ಮಗ ಕೆಳಗೆ ಮಲಗಿರೋವಾಗ ಆ ರಾಟೆ ತಿರುಗ್ಸಿದ್ಯಾರು?"

ವಾದಿರಾಜ ತಲೆ ತಗ್ಗಿಸಿದ. ಕಾವೇರಮ್ಮ ತಲೆ ತಗ್ಗಿಸಿದರು. ನಾನೂ ತಗ್ಗಿಸಿದ್ದೆ.

ಧೃತಿಯೊಬ್ಬಳು ತಗ್ಗಿಸಿರಲಿಲ್ಲ. ತೆರೆದ ಬಾಗಿಲಿನಾಚೆ ರಾಟೆಯ ಹಿಡಿಯನ್ನು ನೋಡುತ್ತ, ತನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು. ರಾಟೆ ತಿರುಗಿಸಿ ಪಿನ್ನುಗಳನ್ನು ಮತ್ತೆ ಮಣೆಗೆ ತಂದಿಟ್ಟ ಕೈ ಅದೇ ಎಂದು ನನಗೆ ಆಗ ಅರ್ಥವಾಯಿತು.